ಹಳದಿ ಗೆರೆಯ ಫರಸಿ

ಅಥವಾ ಪ್ರಾಂಶುಪಾಲರೇ ಮೊದಲು ಕೇಳಿದ್ದರೇನೋ. ಈ ರೀಲನ್ನು ಎಲ್ಲಿ ಕೂತು ತೆಗೆದಿದ್ದಾರೆ ಎಂದು ಯಾರಿಗಾದರೂ ಗೊತ್ತಾಗುತ್ತದೆಯೇ ಎಂದು ಅವರು ಕೇಳಿದರು, ನಾನು ಉತ್ತರ ಕೊಟ್ಟೆ. ಹೀಗೆ ನೆನಪಿಸಿಕೊಂಡರೆ ನನಗೆ ಸ್ವಲ್ಪ ಹಗುರವಾಗುತ್ತದೆ. ಹಗುರವಾಗುತ್ತದೆ ಎಂಬ ಕಾರಣಕ್ಕೇ ಈ ನೆನಪನ್ನು ನಂಬುವುದಿಲ್ಲ. ಇನ್ನೊಂದು ನೆನಪಿನಲ್ಲಿ ಯಾರೂ ಏನೂ ಕೇಳುವುದಿಲ್ಲ. ಸ್ಟಾಫ್ ರೂಮಿಗೆ ಚಹಾ ಬಂದಿದೆ. ಎಲ್ಲರೂ ಒಂದೇ ಫೋನಿನ ಮೇಲೆ ಬಾಗಿದ್ದಾರೆ. ನಾನು ಕಪ್ಪು ಕೆಳಗಿಟ್ಟು ಹೇಳುತ್ತೇನೆ: "ತಡೀರಿ, ಆ ಫರಸಿ ನನಗ ಗೊತ್ತದ."

ಎರಡನೆಯದೇ ನಿಜವಿರಬೇಕು.

ಕಾಲೇಜು ಎಲ್ಲಿತ್ತು ಎಂದು ಹೇಳುವುದಿಲ್ಲ. ಶಹಾಬಾದಿಗೂ ಸೇಡಂಗೂ ನಡುವೆ ಎಲ್ಲೋ ಎಂದರೆ ಸಾಕು. ನಾನು ಅಲ್ಲಿ ಪಿಯುಸಿಯವರಿಗೆ ಫಿಜಿಕ್ಸ್ ಕಲಿಸುತ್ತಿದ್ದೆ. ಫೋನಿನಲ್ಲಿ ನಾವು ನೋಡುತ್ತಿದ್ದದ್ದು ಇಪ್ಪತ್ತು ಸೆಕೆಂಡಿನ ಒಂದು ರೀಲ್. ಹೆಸರಿಲ್ಲದ ಖಾತೆಯಿಂದ ಯಾರೋ ಹಾಕಿದ್ದು. ಮೊದಲು ಒಂದು ಗಳಿಗೆ ನೆಲ ಕಾಣುತ್ತದೆ, ಫೋನನ್ನು ಬೆಂಚಿನ ಕೆಳಗಿಂದ ಮೇಲೆತ್ತುವಾಗ ಕಾಣುವ ಹಾಗೆ. ಆಮೇಲೆ ಬೋರ್ಡು, ಮೇಜು, ಖಾಲಿ ಕುರ್ಚಿ. ಕ್ಯಾಮೆರಾ ಕುರ್ಚಿಯ ಮೇಲೆ ನಿಂತುಬಿಡುತ್ತದೆ. ಹಿಂದೆ ಯಾರೋ ನಗು ತಡೆದುಕೊಳ್ಳುತ್ತಿದ್ದಾರೆ. ಕೆಳಗೆ ಬರಹ: "ನಮ್ಮ ಕೆಮಿಸ್ಟ್ರಿ ಸರ್. ಮೂರು ತಿಂಗಳಿಂದ ಹಿಂಗೇ ಕುಂತಾರ. ಭಾಳ ಶಾಂತ ಸ್ವಭಾವ."

ಕೆಮಿಸ್ಟ್ರಿ ಉಪನ್ಯಾಸಕರು ಕೆಲಸ ಬಿಟ್ಟು ಮೂರು ತಿಂಗಳಾಗಿತ್ತು. ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ರೀಲ್ ಚಿತ್ತಾಪುರ, ವಾಡಿ, ಸೇಡಂ ಗ್ರೂಪುಗಳನ್ನೆಲ್ಲ ಸುತ್ತಿ ಆಡಳಿತ ಮಂಡಳಿಯವರ ಫೋನಿಗೆ ಬಂದು ನಿಂತಿತ್ತು. ಕಾಲೇಜಿನೊಳಗೆ ಫೋನ್ ತರುವಂತಿಲ್ಲ. ತಂದವರನ್ನು ಹುಡುಕಿ ಟೀಸಿ ಕೊಟ್ಟು ಕಳಿಸಿ ಎಂದು ಮಂಡಳಿ ಹೇಳಿತ್ತು. ದ್ವಿತೀಯ ಪಿಯುಸಿ ತರಗತಿ ಅದು. ವಾರ್ಷಿಕ ಪರೀಕ್ಷೆಗೆ ನಾಲ್ಕು ತಿಂಗಳಿತ್ತು. ಆಗ ಟೀಸಿ ಎಂದರೆ ಒಂದು ವರ್ಷ ಹೋದಂತೆಯೇ.

ನನ್ನ ಅಪ್ಪ ಭಂಕೂರಿನಲ್ಲಿ ಫರಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು, ಆರಿಸುವ ಕೆಲಸ ಮಾಡುತ್ತಿದ್ದರು. ಗಣಿಯಿಂದ ಬಂದ ಹಾಸುಗಲ್ಲುಗಳೆಲ್ಲ ಧೂಳು ಮೆತ್ತಿಕೊಂಡು ಒಂದೇ ಬೂದಿ ಬಣ್ಣದಲ್ಲಿರುತ್ತವೆ. ಅಪ್ಪ ತಂಬಿಗೆಯಿಂದ ನೀರು ಚೆಲ್ಲಿ ಅಂಗೈಯಿಂದ ಒರೆಸುತ್ತಿದ್ದರು. ನೀರು ಬಿದ್ದ ಮೇಲೆ ಕಲ್ಲು ತನ್ನ ಬಣ್ಣ ಬಿಡುತ್ತದೆ. ಒಂದರಲ್ಲಿ ನೀಲಿ, ಒಂದರಲ್ಲಿ ಹಸಿರು, ಒಂದರಲ್ಲಿ ಎಳೆಯಂಥ ಗೆರೆ. ಇದು ಯಾವ ಗಣಿಯದು, ಮೇಲಿನ ಪದರಿನದೋ ಕೆಳಗಿನದೋ ಎಂದು ಅವರು ನಿಂತಲ್ಲೇ ಹೇಳುತ್ತಿದ್ದರು. ನೋಡಿ ನೋಡಿ ನನಗೂ ಅಷ್ಟಿಷ್ಟು ಬಂದಿತ್ತು. ಆ ತಂಬಿಗೆ ತಾಮ್ರದ್ದು ಎಂದು ಬರೆಯಲು ಕೈ ಹೋಗುತ್ತದೆ. ಅದು ಪ್ಲಾಸ್ಟಿಕ್ಕಿನದಾಗಿತ್ತು.

ನಮ್ಮ ತರಗತಿಯ ಕೋಣೆಗೆ ಪೂರ್ತಿ ನೀಲಿ ಫರಸಿ ಹಾಕಿದ್ದರು. ಒಂದು ಕಲ್ಲು ಒಡೆದಾಗ ಮಾತ್ರ ಬೇರೆ ಗಣಿಯದನ್ನು ತಂದು ಕೂರಿಸಿದ್ದರು. ಅದರಲ್ಲಿ ಹಳದಿ ಗೆರೆ ಇತ್ತು. ರೀಲಿನ ಮೊದಲ ಸೆಕೆಂಡಿನಲ್ಲಿ ಇರುವುದು ಅದೇ ಕಲ್ಲು, ಅದು ಹುಡುಗಿಯರ ಸಾಲಿನ ಮೂರನೇ ಬೆಂಚಿನ ಕೆಳಗೆ ಗೋಡೆಯ ಕಡೆಗಿದೆ ಎಂದು ನಾನು ಹೇಳಿದೆ. ಇತಿಹಾಸದ ಸಹೋದ್ಯೋಗಿ ನನ್ನ ಬೆನ್ನು ತಟ್ಟಿ, "ಸಿಐಡಿಗಿ ಹೋಗೂದ್ ಬಿಟ್ಟು ಫಿಜಿಕ್ಸಿನಾಗ ಯಾಕ ಬಿದ್ರೆಪ್ಪಾ ನೀವು" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಪ್ಪನ ವಿದ್ಯೆ ಇಷ್ಟು ಓದಿದವರ ನಡುವೆ ಕೆಲಸಕ್ಕೆ ಬಂತು ಎಂದು ಖುಷಿಯಾಗಿತ್ತು. ಹೇಳುತ್ತಿರುವುದು ಒಬ್ಬ ಹುಡುಗಿಯ ಹೆಸರು ಎಂದು ಆಗ ಹೊಳೆಯಲಿಲ್ಲ. ಹೊಳೆದಿತ್ತೋ ಏನೋ, ಖುಷಿ ಅದಕ್ಕಿಂತ ಹೆಚ್ಚಿತ್ತು.

ಆ ಜಾಗದಲ್ಲಿ ಕೂರುತ್ತಿದ್ದವಳು ಚಿಂಚೋಳಿ ಕಡೆಯ ಕೊಡ್ಲಿಯವಳು. ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ತಂದೆಗೆ ಫೋನ್ ಹೋಯಿತು. ಸುಲೇಪೇಟದಲ್ಲಿ ಬಸ್ಸು ಬದಲಿಸಿ ಮರುದಿನ ಹನ್ನೊಂದಕ್ಕೆ ಬಂದರು. ಹುಡುಗಿಯನ್ನೂ ನಮ್ಮನ್ನೂ ಪ್ರಾಂಶುಪಾಲರು ತಮ್ಮ ಕೋಣೆಗೆ ಕರೆಸಿದ್ದರು. ಪ್ರಾಂಶುಪಾಲರು ಮೂರು ಸಲ ಕುಂದ್ರಿ ಎಂದರೂ ಅವರು ಕೂರಲಿಲ್ಲ. ಪ್ರಾಂಶುಪಾಲರು ಕೆಟ್ಟವರಲ್ಲ, ಹಣೆಗೆ ಗೋಪಿಚಂದನ, ಮೆತ್ತನೆಯ ಮಾತು, ಯಾರಿಗೂ ಎತ್ತರದ ದನಿಯಲ್ಲಿ ಬೈದವರಲ್ಲ. ಅವರೇ ಎದ್ದು ಬಂದು ತಮ್ಮ ಫೋನಿನಲ್ಲಿ ರೀಲ್ ತೋರಿಸಿದರು. ತಂದೆ ಅದನ್ನು ನೋಡುತ್ತಿದ್ದದ್ದು ಅದೇ ಮೊದಲು. ಇನ್ನೊಮ್ಮೆ ಹಚ್ಚಿರಿ ಎಂದರು. ಎರಡನೇ ಸಲ ನೋಡಿ, "ಇದರಾಗ ಬರೇ ಕುರ್ಚಿ ಅದಲ್ರೀ" ಎಂದರು.

ಪ್ರಾಂಶುಪಾಲರು ಹುಡುಗಿಯನ್ನು ಕೇಳಿದರು: "ನೀನೇ ತಗದೀಯೇನವ್ವ? ನಮ್ಮ ಫಿಜಿಕ್ಸ್ ಸರ್ ಫರಸಿ ನೋಡೇ ಗುರುತ ಹಿಡದಾರ."

ಅವಳು ಪ್ರಾಂಶುಪಾಲರನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. "ಅದರಾಗ ಇರೂದು ಸುಳ್ಳೇನ್ರಿ ಸರ್?"

ಈ ಪ್ರಶ್ನೆಯನ್ನೇ ನಾವೆಲ್ಲರೂ ಹೌದು ಎಂದು ತಿಳಿದೆವು. ಕೇಳಿದ್ದಕ್ಕೆ ಉತ್ತರವಿಲ್ಲ, ತಿರುಗಿ ನಮಗೇ ಸವಾಲು ಹಾಕುತ್ತಾಳೆ ಎಂದು ಯಾರೋ ಗೊಣಗಿದರು. ಆ ಯಾರೋ ನಾನಲ್ಲ ಎಂದು ನಂಬಿದ್ದೇನೆ. ಕೊನೆಗೆ ಪ್ರಾಂಶುಪಾಲರು ಒಂದು ದಾರಿ ಹುಡುಕಿದರು. ರೀಲ್ ತೆಗೆದವಳು ತಾನೇ, ತಪ್ಪಾಯಿತು ಎಂದು ಬರೆದು ಸಹಿ ಮಾಡಿಕೊಟ್ಟರೆ ಟೀಸಿ ಬೇಡವೆಂದು ಮಂಡಳಿಗೆ ತಾವು ಕೈ ಮುಗಿದು ಹೇಳುವುದಾಗಿ ತಿಳಿಸಿದರು. ಬಿಳಿ ಹಾಳೆ, ಪೆನ್ನು ಮುಂದಿಟ್ಟರು. ತಂದೆ, ಬರೆದು ಮುಗಿಸು, ಬಸ್ಸು ಹೋಗುತ್ತದೆ ಎಂದರು. ಹುಡುಗಿ ಹಾಳೆಯನ್ನು ಮಡಚಿ ಪುಸ್ತಕದೊಳಗೆ ಇಟ್ಟುಕೊಂಡು, ನಾಳೆ ಕೊಡುತ್ತೇನೆ ಎಂದಳು.

ವರಾಂಡದಲ್ಲಿ ಅವಳು ನನ್ನ ಹಿಂದೆ ಬಂದಳು.

"ಸರ್, ಆ ಫರಸಿ ಯಾವುದು, ನನಗೂ ತೋರಸ್ರಿ."

ಊಟದ ಬಿಡುವು. ಕೋಣೆಯಲ್ಲಿ ಯಾರೂ ಇರಲಿಲ್ಲ. ತಂದೆಯೂ ಜೊತೆಗೆ ಬಂದರು, ಚಪ್ಪಲಿ ಬಾಗಿಲಲ್ಲಿ ಬಿಟ್ಟರು. ನಾನು ಮೂರನೇ ಬೆಂಚನ್ನು ಸರಿಸಿ, ನನ್ನ ಬಾಟಲಿಯಿಂದ ನೀರು ಚೆಲ್ಲಿ, ಅಂಗೈಯಿಂದ ಒರೆಸಿದೆ. ಗೆರೆ ಎದ್ದು ಬಂತು. ತಂದೆ ಬಗ್ಗಿ ನೋಡಿ, ಹೌದು, ಇದು ಬೇರೆ ಕಲ್ಲು ಎಂದು ಒಪ್ಪಿದರು. ಅವರ ದನಿಯಲ್ಲಿ ಮೆಚ್ಚುಗೆಯೂ ಇತ್ತು. ಹುಡುಗಿ ಕಲ್ಲನ್ನು ಬಹಳ ಹೊತ್ತು ನೋಡಲಿಲ್ಲ. ರೀಲ್ ಹಾಕಿದ್ದು ಯಾವತ್ತು ಎಂದು ಕೇಳಿದಳು. ಮಂಗಳವಾರ ಎಂದೆ.

"ಸೋಮವಾರ ಟೆಸ್ಟ್ ಮುಗೀತ್ರಿ. ಟೆಸ್ಟಿಗಂತ ಬೆಂಚೆಲ್ಲಾ ಜಗ್ಗಿ ದೂರ ದೂರ ಹಾಕ್ಸಿದ್ರಿ. ಮತ್ತ ಸಾಲಿಗಿ ಹಚ್ಚಿದ್ದು ಗುರುವಾರ. ನಡುವ ಎರಡು ದಿನ ಯಾರು ಎಲ್ಲಿ ಬೇಕು ಅಲ್ಲಿ ಕುಂತಾರ." ಅವಳು ಸರಿಸಿದ ಬೆಂಚಿನ ಮೇಲೆ ಕೈಯಿಟ್ಟಳು. "ಫರಸಿ ಅಲ್ಲೇ ಇರ್ತದ್ರಿ ಸರ್. ಬೆಂಚು ಇರೂದಿಲ್ಲ."

ಟೆಸ್ಟಿನ ಉಸ್ತುವಾರಿ ನನ್ನದೇ ಆಗಿತ್ತು. ಬೆಂಚುಗಳನ್ನು ಎಳೆಸಿದವನೂ ನಾನೇ, ವಾಪಸ್ಸು ಹಾಕಿಸಲು ಮರೆತವನೂ ನಾನೇ. ಕಲ್ಲಿನವರ ಮನೆಯಲ್ಲಿ ಬೆಳೆದವನಿಗೆ ನೆಲ ಗೊತ್ತಾದರೆ ಎಲ್ಲ ಗೊತ್ತಾದಂತೆ. ಮೇಲೆ ಇಟ್ಟದ್ದು ನೆನಪಿಗೆ ಬರುವುದಿಲ್ಲ. ಹಾಗಾದರೆ ಇಲ್ಲಿ ಯಾರು ಕೂತಿದ್ದರು ಎಂದು ಕೇಳಿದೆ. ಕೇಳಬಾರದಿತ್ತು.

"ಅದನ್ನ ನನಗ ಕೇಳಬ್ಯಾಡ್ರಿ ಸರ್," ಎಂದಳು.

ತಾನಲ್ಲ ಎಂದು ಆಗಲೂ ಹೇಳಲಿಲ್ಲ. ಇದನ್ನು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ನಾನಲ್ಲ ಎಂದರೆ ಮುಂದಿನ ಪ್ರಶ್ನೆ ಮತ್ತೆ ಯಾರು ಎಂದೇ ಬರುತ್ತದೆ, ಆ ಪ್ರಶ್ನೆ ಅವಳಿಗೆ ಬೇಡವಾಗಿತ್ತು ಎಂದು ಒಂದು ದಿನ ಅನಿಸುತ್ತದೆ. ತೆಗೆದವಳು ಅವಳೇ, ನನಗಿಂತ ಚುರುಕಾಗಿ ಲೆಕ್ಕ ಹಾಕಿದಳು ಅಷ್ಟೆ ಎಂದು ಇನ್ನೊಂದು ದಿನ ಅನಿಸುತ್ತದೆ. ಎರಡನೆಯದಾದರೂ ನನ್ನ ತಪ್ಪು ಕಡಿಮೆಯಾಗುವುದಿಲ್ಲ. ಆದರೆ ಕೆಲವು ದಿನ ನಾನು ಎರಡನೆಯದನ್ನೇ ಬಯಸುತ್ತೇನೆ.

ಅಂದೇ ಮಧ್ಯಾಹ್ನ ಪ್ರಾಂಶುಪಾಲರ ಬಳಿ ಹೋಗಿ ಬೆಂಚಿನ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಿಮ್ಮ ಮಾತಿನ ಮ್ಯಾಲೇ ಮಂಡಳಿಗಿ ಹೆಸರು ಕಳಿಸೀನ್ರಿ. ಈಗ ಗೊತ್ತಿಲ್ಲ ಅಂತ ಹ್ಯಾಂಗ ಬರೀಲಿ?" ನಾನೇ ಬರೆದುಕೊಡುತ್ತೇನೆ ಎಂದು ಅಲ್ಲೇ ಕೂತು ಬರೆದೆ. ಗುರುತು ಹಿಡಿದದ್ದು ನಾನು, ಅದು ತಪ್ಪು ಎಂದು. ತಪ್ಪು ಎಂದು ಬರೆದೆನೋ, ತಪ್ಪಿರಬಹುದು ಎಂದು ಬರೆದೆನೋ. ಪ್ರತಿ ಇಟ್ಟುಕೊಂಡಿಲ್ಲ. ಅವರು ಅದನ್ನು ಫೈಲಿನೊಳಗೆ ಇಟ್ಟರು. ಮಂಡಳಿಗೆ ಹೋಯಿತೇ, ಕೇಳಲಿಲ್ಲ.

ಮರುದಿನ ಹುಡುಗಿ ಬರಲಿಲ್ಲ, ತಂದೆ ಒಬ್ಬರೇ ಬಂದರು. ಮಡಚಿದ ಬಿಳಿ ಹಾಳೆಯನ್ನು ಮೇಜಿನ ಮೇಲಿಟ್ಟರು. ಅದರಲ್ಲಿ ಏನೂ ಬರೆದಿರಲಿಲ್ಲ.

"ಆಕಿ ಸಹಿ ಮಾಡೂದಿಲ್ಲ ಅಂತಾಳ. ನಾನೂ ಮಾಡು ಅನ್ನೂದಿಲ್ಲ. ಟೀಸಿ ಕೊಟ್ಟುಬಿಡ್ರಿ."

ಮಂಡಳಿಯ ಉತ್ತರ ಇನ್ನೂ ಬಂದಿಲ್ಲ, ನಾಲ್ಕು ದಿನ ತಡೆಯಿರಿ ಎಂದು ಪ್ರಾಂಶುಪಾಲರು ಹೇಳಿದರು. ನಾನೂ ಹೇಳಿದೆ. ನಿನ್ನೆ ಬಸ್ಸಿನಲ್ಲೇ ಊರಿನವರು ತಂದೆಯನ್ನು ಏನು ರೀಲ್, ತೋರಿಸು ಎಂದು ಕೇಳಿದರಂತೆ. ನಾಲ್ಕು ದಿನದಲ್ಲಿ ಇನ್ನೆಷ್ಟು ಮಂದಿ ಕೇಳುತ್ತಾರೋ ಎಂದು ಅವರು ತಡೆಯಲಿಲ್ಲ. ಟೀಸಿ ಬರೆಯಲು ಹತ್ತು ನಿಮಿಷ ಹಿಡಿಯಿತು. ಹೊರಡುವಾಗ ನನ್ನ ಮುಂದೆ ನಿಂತರು.

"ಕಲ್ಲು ಮಾತ್ರ ಚಲೋ ಗುರುತ ಹಿಡೀತೀರಿ ಸರ್."

ಅದು ಹೊಗಳಿಕೆಯೋ, ಚುಚ್ಚಿದ್ದೋ. ಅವರ ಮುಖದಲ್ಲಿ ಎರಡೂ ಕಾಣಲಿಲ್ಲ.

ಒಂದು ವಾರದಲ್ಲಿ ಕೆಮಿಸ್ಟ್ರಿಗೆ ಅತಿಥಿ ಉಪನ್ಯಾಸಕರು ಬಂದರು. ಕುರ್ಚಿ ತುಂಬಿತು, ಮೂರನೇ ಬೆಂಚಿನ ಮೂಲೆ ಖಾಲಿಯಾಯಿತು. ಇದು ಕಥೆಗೆ ಇಷ್ಟು ಚೆನ್ನಾಗಿ ಹೊಂದುವುದರಿಂದಲೇ ನನಗೆ ಅನುಮಾನ. ಒಂದು ವಾರವಲ್ಲ, ಮೂರು ವಾರವಾಗಿರಬಹುದು. ಅವರನ್ನು ರೀಲಿಗಿಂತ ಮೊದಲೇ ಗೊತ್ತು ಮಾಡಿದ್ದರು ಎಂದು ಗುಮಾಸ್ತರು ಆಮೇಲೆ ಹೇಳಿದ ನೆನಪು.

ಅವಳು ಚಿಂಚೋಳಿಯಲ್ಲಿ ಕಾಲೇಜು ಸೇರಿದಳು ಎಂದು ಒಬ್ಬರು ಹೇಳಿದರು. ಆ ವರ್ಷ ಮನೆಯಲ್ಲೇ ಇದ್ದಳು ಎಂದು ಇನ್ನೊಬ್ಬರು. ಪರೀಕ್ಷೆಯ ಕೆಲಸಕ್ಕೆ ನಾನು ಎರಡು ಸಲ ಸುಲೇಪೇಟಕ್ಕೆ ಹೋಗಿದ್ದೇನೆ. ಎರಡೂ ಸಲ ಕೊಡ್ಲಿಯ ಬೋರ್ಡು ಹಾಕಿಕೊಂಡ ಬಸ್ಸು ನನ್ನ ಮುಂದೆಯೇ ನಿಂತು ಹೊರಟಿತು. ಸೀಟು ಇತ್ತು. ಹತ್ತಲಿಲ್ಲ.

ರೀಲ್ ಈಗ ಇಲ್ಲ. ಟೀಸಿ ಕೊಟ್ಟ ದಿನವೋ ಮರುದಿನವೋ ಆ ಖಾತೆಯೇ ಅಳಿಸಿಹೋಯಿತು. ಅದಿದ್ದಿದ್ದರೆ ಮೊದಲ ಸೆಕೆಂಡನ್ನು ಮತ್ತೆ ನೋಡುತ್ತಿದ್ದೆ. ಈಚೆಗೆ ಬೇರೊಂದು ಯೋಚನೆ ಹತ್ತಿದೆ. ಧೂಳಿನ ಒಣ ಕಲ್ಲಿನಲ್ಲಿ ಆ ಹಳದಿ ಗೆರೆ ಕಾಣುವುದೇ ಇಲ್ಲ, ನೀರು ಬೀಳಬೇಕು. ನಾನೇ ಆ ಕೋಣೆಗೆ ಹೋಗಿ ಪರೀಕ್ಷಿಸಿದ್ದೇನೆ. ರೀಲಿನಲ್ಲಿ ಗೆರೆ ಕಂಡಿತ್ತು ಎಂದು ನನಗೆ ಈಗಲೂ ಸ್ಪಷ್ಟವಾಗಿ ನೆನಪಿದೆ. ಅಂದು ಯಾರಾದರೂ ಅಲ್ಲಿ ನೀರು ಚೆಲ್ಲಿದ್ದರೋ, ಆಮೇಲೆ ನಾನು ಒರೆಸಿ ತೋರಿಸಿದ ಕಲ್ಲನ್ನೇ ರೀಲಿನೊಳಗೆ ಸೇರಿಸಿಕೊಂಡಿದ್ದೇನೋ, ಹೇಳಲಾರೆ.

ಆ ರೀಲ್ ತೆಗೆದವರು ಯಾರು ಎಂದು ನನಗೆ ಗೊತ್ತಿಲ್ಲ. ಆ ವರ್ಷ ಅವಳು ಪರೀಕ್ಷೆ ಬರೆದಳೋ ಇಲ್ಲವೋ, ಅದೂ ಗೊತ್ತಿಲ್ಲ.