ಮೊದಲು ಅಂಗೈ ತೋರಿಸುತ್ತಿದ್ದವರು

ಕಳೆದ ವಾರ ಕುಮಟೆಯಲ್ಲಿ ನಮ್ಮ ಪಕ್ಕದ ಮನೆಯವರು ಹುರುಳಿ ಬೇಯಲು ಇಟ್ಟು ಹಿತ್ತಲಿಗೆ ಹೋಗಿಬಿಟ್ಟಿದ್ದರು. ತಳ ಹಿಡಿದ ವಾಸನೆ ನಮ್ಮ ಕಿಟಕಿಯವರೆಗೂ ಬಂತು. ಕೂಗಿ ಹೇಳುವ ಬದಲು ನಾನು ಸುಮ್ಮನೆ ನಿಂತುಬಿಟ್ಟೆ... ಇಪ್ಪತ್ತೈದು ವರ್ಷಗಳ ಹಿಂದೆ ಮುರ್ಡೇಶ್ವರದ ಸಮುದ್ರದಂಡೆಯಲ್ಲಿ ಕುದುರೆಯವರು ಕುದುರೆಗೆಂದು ಹುರುಳಿ ಬೇಯಿಸಿ ತರುತ್ತಿದ್ದ ಬಕೆಟಿನಿಂದ ಪ್ರತಿ ಭಾನುವಾರ ಇದೇ ವಾಸನೆ ಬರುತ್ತಿತ್ತು.

ಅವರು ಅಲ್ಲೇ ಹತ್ತಿರದ ಕಾಯ್ಕಿಣಿ ಊರಿನವರು. ಮುಂಬೈಯ ಕುದುರೆ ಲಾಯದಲ್ಲಿ ಮೂವತ್ತು ವರ್ಷ ದುಡಿದು, ಅಲ್ಲಿ ಯಾರಿಗೂ ಬೇಡವಾದ ಮುದಿ ಹೆಣ್ಣುಕುದುರೆಯೊಂದನ್ನು ಊರಿಗೆ ತಂದು, ಪ್ರವಾಸಿಗರಿಗೆ ಸವಾರಿ ಮಾಡಿಸುತ್ತಿದ್ದರು. ನಾನಾಗ ಹೊನ್ನಾವರದ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದೆ, ಎಲ್ಲರಿಗೂ ಅಕ್ಕೋರು. ಹೆತ್ತವರಿಲ್ಲದ ಮಕ್ಕಳನ್ನು ಬೇರೆಯವರ ಮನೆಗಳಲ್ಲಿಟ್ಟು ಸಾಕಿಸುವ ಸಂಸ್ಥೆಯೊಂದಿತ್ತು. ಮಾತು ಬಿಟ್ಟ, ಬೆಚ್ಚಿಬೀಳುವ ಮಕ್ಕಳಿಗೆ ಕುದುರೆಯ ಒಡನಾಟ ಒಳ್ಳೆಯದೆಂದು ಅಲ್ಲಿಯ ಡಾಕ್ಟರು ಹೇಳಿದ್ದರು. ಹಾಗಾಗಿ ಭಾನುವಾರ ಐದು ಮಕ್ಕಳನ್ನು ಟೆಂಪೋದಲ್ಲಿ ಕರೆತರುವ ಕೆಲಸವನ್ನು ನಾನಾಗಿಯೇ ಮೈಮೇಲೆ ಹಾಕಿಕೊಂಡಿದ್ದೆ. ಸಂಬಳವಿಲ್ಲ, ಆದರೆ ನಾಲ್ಕು ಜನ ಹೊಗಳುತ್ತಿದ್ದರು. ಆ ಹೊಗಳಿಕೆ ನನಗೆ ರುಚಿಸುತ್ತಿತ್ತು.

ಕುದುರೆಯವರದ್ದೊಂದು ಪದ್ಧತಿ. ಕುದುರೆಯನ್ನು ಮುಟ್ಟುವ ಮೊದಲು ಎರಡೂ ಅಂಗೈ ಬಿಡಿಸಿ ಅದರ ಕಣ್ಣೆದುರು ಹಿಡಿಯುತ್ತಿದ್ದರು. ಮಗುವನ್ನು ಎತ್ತುವ ಮೊದಲೂ ಹಾಗೆಯೇ. ಮಗು ತಾನಾಗಿ ಆ ಅಂಗೈ ಮೇಲೆ ಕೈ ಇಟ್ಟರೆ ಸವಾರಿ. ಇಲ್ಲವೆಂದರೆ ಆ ವಾರ ಬ್ರಶ್ಶು ಹಿಡಿದು ಕುದುರೆಯ ಮೈ ತಿಕ್ಕುವುದಷ್ಟೇ. ಸಮಯ ಹಾಳು ಎಂದು ನಾನು ಗೊಣಗುತ್ತಿದ್ದೆ.

ಕುಮಟೆಯ ಒಂದು ಮನೆಯಲ್ಲಿದ್ದ ಎಂಟು ವರ್ಷದ ಹುಡುಗಿ ಐದು ವಾರವಾದರೂ ಕೈ ಇಡಲಿಲ್ಲ. ಕುದುರೆಯ ಹೊಟ್ಟೆಗೆ ಕೆನ್ನೆ ಆನಿಸಿ ಮಾತ್ರ ಎಷ್ಟು ಹೊತ್ತಾದರೂ ನಿಲ್ಲುತ್ತಿದ್ದಳು. ಆರನೆಯ ವಾರ ಬ್ರಶ್ಶು ಎತ್ತಿದಾಗ ಅಂಗಿಯ ತೋಳು ಸರಿದು ಸುಟ್ಟ ಕಲೆಗಳು ಕಂಡವು. ಒಂದಲ್ಲ, ಸಾಲಾಗಿ ನಾಲ್ಕೈದು. ಕುದುರೆಯವರು ನನ್ನನ್ನು ಪಕ್ಕಕ್ಕೆ ಕರೆದರು.

"ಅಕ್ಕೋರೇ, ಈ ಹುಡ್ಗಿ ಕುದ್ರೆಗೆ ಹೆದ್ರೂದಲ್ಲ, ಮನ್ಷರ ಕೈಗೆ ಹೆದ್ರೂದು. ಮನೆಗೆ ಬಿಡೂಕೆ ಮೊದ್ಲು ಸಂಸ್ಥೆಯವ್ರಿಗೆ ಹೇಳಿ. ಆ ಮನೇಲಿ ಮಾತ್ರ ಎಂತದೂ ಕೇಳೂಕೆ ಹೋಗ್ಬೇಡಿ."

"ಆತು" ಎಂದೆ. ಮಾಡಿದ್ದು ಬೇರೆ. ಬೆಳ್ಳಗಿರುವುದೆಲ್ಲ ಹಾಲೆಂದು ನಂಬುವ ಸ್ವಭಾವ ನನ್ನದು. ಆ ಮನೆಯ ಒಡತಿ ಹೋದಾಗಲೆಲ್ಲ ಚಹಾ, ಚಕ್ಕುಲಿ ಕೊಟ್ಟು ಉಪಚರಿಸಿದವರು. ದೂರು ಹೇಳುವ ಮೊದಲು ಅವರನ್ನೇ ಒಂದು ಮಾತು ಕೇಳುವುದು ಮರ್ಯಾದೆ ಎಂದುಕೊಂಡೆ. ಮಧ್ಯಾಹ್ನ ಬಿಡಲು ಹೋದವಳು ಬಾಗಿಲಲ್ಲೇ ಕೇಳಿದೆ. ಹುಡುಗಿ ನನ್ನ ಪಕ್ಕದಲ್ಲೇ ಇದ್ದಳು.

"ಅಯ್ಯೋ, ಒಲೆ ಹತ್ರ ಹೋಗ್ಬೇಡ ಅಂದ್ರೆ ಕೇಳೂದೇ ಇಲ್ಲ ಅಕ್ಕೋರೇ" ಎಂದು ಒಡತಿ ನಗುತ್ತ ಅವಳ ತಲೆ ಸವರಿದರು. ಹುಡುಗಿ ನನ್ನನ್ನು ಒಮ್ಮೆ ನೋಡಿದಳು. ನಾನು ನೆಮ್ಮದಿಯಿಂದ ಟೆಂಪೋ ಹತ್ತಿದೆ. ಬರೆಯಲೂ ನಾಚಿಕೆಯಾಗುತ್ತದೆ.

ಮುಂದಿನ ಭಾನುವಾರ ಜ್ವರವೆಂದರು. ಅದರ ಮುಂದಿನ ಭಾನುವಾರ ಮನೆಗೆ ಬೀಗ. ಯಾರದೋ ಕೂಸು ನೋಡಿಕೊಳ್ಳಲು ಹುಡುಗಿಯನ್ನು ಪುಣೆಗೆ ಕಳಿಸಿದ್ದಾರೆಂದು ನೆರೆಯವರು ಹೇಳಿದರು. ಸಂಸ್ಥೆಯವರು ಪೊಲೀಸರಿಗೆ ದೂರು ಕೊಟ್ಟರು, ಒಮ್ಮೆ ಪುಣೆಗೂ ಹೋಗಿಬಂದರು. ಹುಡುಗಿ ಸಿಗಲಿಲ್ಲ, ಆ ಮನೆಯವರೂ ಸಿಗಲಿಲ್ಲ.

ನಾನು ಆ ಮನೆಯಲ್ಲಿ ಕೇಳಿದ್ದನ್ನು ಹೇಳಿದಾಗ ಕುದುರೆಯವರು ಬೈಯಲಿಲ್ಲ. "ನೀವು ಕೇಳ್ವಾಗ ಹುಡ್ಗಿ ಅಲ್ಲೇ ಇತ್ತಾ?" ಎಂದಷ್ಟೇ ಕೇಳಿದರು. ಹೌದೆಂದೆ. ಜೀನು ಬಿಚ್ಚಿ ಕುದುರೆ ಹಿಡಿದುಕೊಂಡು ಹೊರಟುಹೋದರು. ಮರುವಾರ ಉಳಿದ ನಾಲ್ವರಿಗೆ ಸವಾರಿ ಮಾಡಿಸಿದರು, ಆದರೆ ನನ್ನನ್ನು ಮಕ್ಕಳ ಹತ್ತಿರ ಬರಗೊಡಲಿಲ್ಲ. "ಅಕ್ಕೋರೇ, ನೀವು ಅಲ್ಲೇ ಕೂತ್ಕಣಿ" ಎಂದರು. ಮುಂದೆ ಮೂರು ವರ್ಷ, ಕುದುರೆ ಸಾಯುವವರೆಗೂ, ಮಕ್ಕಳ ಚಪ್ಪಲಿ ಕಾಯುತ್ತ ಮರಳಿನ ಮೇಲೆ ಕುಳಿತೆ...

ಅವರು ತೀರಿಕೊಂಡ ಸುದ್ದಿ ಕೇಳಿ ಕಾಯ್ಕಿಣಿಗೆ ಹೋಗಿದ್ದೆ. ಅವರ ಹೆಂಡತಿ ಆಗ ಹೇಳಿದರು: ನಡೆದಾಡುವ ಶಕ್ತಿ ಇರುವವರೆಗೂ ಅವರು ವರ್ಷಕ್ಕೊಮ್ಮೆ ಪುಣೆಗೆ ಹೋಗಿ, ಬೀದಿ ಬೀದಿ ತಿರುಗಿ, ಆ ಹುಡುಗಿಯನ್ನು ಹುಡುಕಿ ಬರುತ್ತಿದ್ದರಂತೆ. ನನಗೇಕೆ ಹೇಳಲಿಲ್ಲವೆಂದು ಕೇಳಿದೆ.

"ಅಕ್ಕೋರಿಗೆ ಹೇಳೂದು ಬೇಡ, ಮತ್ತೆ ಎಲ್ಲಾದ್ರೂ ಹೋಗಿ ಕೇಳಿಬಿಡ್ತ್ರು ಅಂದಿದ್ರು" ಎಂದರು.

ಅವರು ಹೋಗಿ ಹತ್ತು ವರ್ಷ. ಹುಡುಗಿ ಬದುಕಿದ್ದರೆ ಈಗ ಮೂವತ್ತು ದಾಟಿರಬೇಕು. ಅವಳನ್ನು ಹುಡುಕುವವರು ಯಾರೂ ಉಳಿದಿಲ್ಲ. ನಾನು ಒಮ್ಮೆಯೂ ಪುಣೆಗೆ ಹೋಗಿಲ್ಲ.