ಬುಖಾರಾದ ಅಳಿಯಕಟ್ಟು

ದುಬೈಯ ಅಲ್ ಬರ್ಷಾಕ್ಕೆ ಬಂದ ವರ್ಷ ನನ್ನ ಮಗಳು ಶಾಲೆಯಲ್ಲಿ ಮಾತು ಬಿಟ್ಟಳು. ಅದಕ್ಕೆ ಮೊದಲು ನಾವು ಅಬುಧಾಬಿಯ ಬನಿಯಾಸ್‌ನಲ್ಲಿದ್ದೆವು. ಅಲ್ಲಿ ಅವಳ ಬಾಯಿ ಮುಚ್ಚಿಸುವುದೇ ನಮಗೊಂದು ಕೆಲಸವಾಗಿತ್ತು. ನನಗೆ ದುಬೈಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿ ಮನೆ ಬದಲಾಯಿತು, ಅವಳಿಗೆ ಹೊಸ ಶಾಲೆ, ಆರನೇ ಕ್ಲಾಸು. ಮನೆಯಲ್ಲಿ ಮಾತಾಡುತ್ತಾಳೆ, ಲಿಫ್ಟಿನಲ್ಲಿ ಮಾತಾಡುತ್ತಾಳೆ, ಶಾಲೆಯ ಗೇಟು ದಾಟಿದ ಕೂಡಲೇ ಮೌನಗೌರಿ. ಕ್ಲಾಸಿನ ಮಕ್ಕಳು ಇವಳಿಗೆ ಮಾತೇ ಬರುವುದಿಲ್ಲ ಎಂದುಕೊಂಡಿದ್ದರಂತೆ.

ಪೇರೆಂಟ್ಸ್ ಮೀಟಿಂಗಿನಲ್ಲಿ ಟೀಚರು ಅವಳನ್ನೇ ನೋಡಿ, ಇಲ್ಲಿ ನಿನಗೇನು ಕಷ್ಟ ಎಂದು ಕೇಳಿದರು. ನಾನು ಉತ್ತರಿಸಿದೆ. ಗೆಳತಿಯರು ಯಾರಾದರೂ ಸಿಕ್ಕಿದರಾ ಎಂದರು. ನಾನು ಉತ್ತರಿಸಿದೆ. ಯಾವ ಪಾಠ ಇಷ್ಟ ಎಂದರು. ಅದಕ್ಕೂ ನಾನೇ.

ಹೊರಗೆ ಬಂದ ಮೇಲೆ ಗಂಡ, "ಎಂಥ ಮಾರಾಯ್ತಿ, ಶಾಲೆಗೆ ಸೇರಿದ್ದು ನೀನಾ, ಅವಳಾ?" ಎಂದರು.

ನನಗೆ ಸಿಟ್ಟು ಬಂತು. 'ನನಗೆ ಗೊತ್ತಿಲ್ಲ' ಎನ್ನುವ ಮಾತು ನನ್ನ ಬಾಯಿಂದ ಬರುವುದು ಅಪರೂಪ, ಒಪ್ಪುತ್ತೇನೆ. ಆದರೆ ಮಗು ಸುಮ್ಮನೆ ನಿಂತಿರುವಾಗ ತಾಯಿಯಾದವಳು ಬಾಯಿ ಹೊಲಿದುಕೊಂಡು ಕೂರಬೇಕೆ?

ಆ ಟರ್ಮಿನಲ್ಲಿ ಶಾಲೆಯವರು ಏಷ್ಯಾದ ಹಳೆಯ ರಾಜ್ಯಗಳ ಬಗ್ಗೆ ಮಕ್ಕಳಿಂದ ಭಾಷಣ ಇಟ್ಟುಕೊಂಡರು. ಚೀಟಿ ಎತ್ತಿಸಿದರು. ಉಳಿದವರಿಗೆ ಜಪಾನು, ಸಯಾಮು ಬಂದರೆ ಇವಳಿಗೆ ಬಂದದ್ದು ಉಜ್ಬೆಕ್ ಖಾನರ ರಾಜ್ಯಗಳು. ಗುರುವಾರದ ಅಸೆಂಬ್ಲಿಯಲ್ಲಿ, ತಂದೆತಾಯಿಯರ ಎದುರು, ನಾಲ್ಕು ನಿಮಿಷ. ಇದೊಂದು ಸಲ ಅವಳು ಬಾಯಿ ತೆರೆದರೆ ಸಾಕು ಎಂದು ಊರಿನ ದೈವಗಳಿಗೆಲ್ಲ ಕೈ ಮುಗಿದೆ. ತೆರೆಯದಿದ್ದರೆ ಇಡೀ ಶಾಲೆಯಲ್ಲಿ ಅವಳಿಗೆ ಮೂಗಿ ಎಂಬ ಹೆಸರು ಅಂಟುತ್ತದೆ ಎಂಬ ಹೆದರಿಕೆ ನನಗೆ.

ದೈವಕ್ಕೆ ಮುಗಿದ ಕೈಯನ್ನು ಸುಮ್ಮನೆ ಇಡಲಿಲ್ಲ. ಚಾರ್ಟ್ ಬರೆಯುವ ಕೆಲಸ ನಾನೇ ತೆಗೆದುಕೊಂಡೆ. ಲೈಬ್ರರಿಯಿಂದ ಪುಸ್ತಕ ತಂದು ಓದಿದಂತೆಲ್ಲ ನನಗೇ ರುಚಿ ಹತ್ತಿತು. ಉತ್ತರದ ಹುಲ್ಲುಗಾವಲಿನಿಂದ ಇಳಿದು ಬಂದ, ಮುಂದೆ ಬುಖಾರಾದಲ್ಲಿ ನೆಲೆನಿಂತ ಶೈಬಾನಿ ಮನೆತನದವರು ಸಮರ್ಕಂದವನ್ನು ಹಿಡಿದು ಅಲ್ಲಿದ್ದ ರಾಜಕುಮಾರನನ್ನು ಓಡಿಸುತ್ತಾರೆ. ಆತ ಅಲೆದೂ ಅಲೆದೂ ಕೊನೆಗೆ ದಿಲ್ಲಿಗೆ ಬಂದು ಮೊಘಲ್ ಮನೆತನ ಕಟ್ಟುತ್ತಾನೆ. ಅಂದರೆ ತಾಜ್ ಮಹಲ್ ಎದ್ದು ನಿಂತದ್ದು ಬುಖಾರಾದವರು ಕತ್ತು ಹಿಡಿದು ನೂಕಿದ್ದರಿಂದ! ಖೀವಾದಲ್ಲಿ ಬೇರೆ ಮನೆತನ, ಕೋಕಂದದಲ್ಲಿ ಇನ್ನೊಂದು, ಒಬ್ಬರಿಗೊಬ್ಬರು ಎಣ್ಣೆ ಸೀಗೆಕಾಯಿ. ಓದುತ್ತಾ ಒಂದು ಕಡೆ ನಿಂತುಬಿಟ್ಟೆ. ಶೈಬಾನಿಗಳ ಬಲಿಷ್ಠ ಖಾನ ತೀರಿಕೊಂಡ. ಅವನ ಮಗನನ್ನು ಕೆಲವೇ ತಿಂಗಳಲ್ಲಿ ಕೊಂದರು. ಕೊನೆಗೆ ಬುಖಾರಾದ ಗದ್ದುಗೆ ಹೋದದ್ದು ಆ ಖಾನನ ಸೋದರಿಯ ಮಕ್ಕಳಿಗೆ.

ಸೋದರಮಾವನಿಂದ ಸೋದರಿಯ ಮಗನಿಗೆ! ನಾನು ಕಾರ್ಕಳದ ಕಡೆಯವಳು. ನಮ್ಮಲ್ಲಿ ಇದಕ್ಕೆ ಅಳಿಯಕಟ್ಟು ಎನ್ನುತ್ತಾರೆ. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು, ಮಾವನ ಯಜಮಾನಿಕೆ ಅವನ ಅಕ್ಕತಂಗಿಯರ ಗಂಡುಮಕ್ಕಳಿಗೆ. ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು, ಆದರೆ ನನ್ನ ಅಮ್ಮನ ಮನೆಯ ಗೋಡೆಯ ಮೇಲಿರುವ ವಂಶವೃಕ್ಷ ಈಗಲೂ ಒಬ್ಬ ಹೆಂಗಸಿನಿಂದಲೇ ಶುರುವಾಗುತ್ತದೆ. ಗಂಡಂದಿರ ಹೆಸರು ಪಕ್ಕದಲ್ಲಿ ಸಣ್ಣಕ್ಷರದಲ್ಲಿ, ಅದೂ ಜಾಗ ಉಳಿದರೆ.

ನಾನು ಚಾರ್ಟಿನ ನೆತ್ತಿಯಲ್ಲಿ ಖಾನನ ಸೋದರಿಯಾದ ಆ ರಾಜಕುಮಾರಿಯನ್ನು ಕೂರಿಸಿ, ಕೆಂಪು ಶಾಯಿಯಲ್ಲಿ ಕಿರೀಟ ಬಿಡಿಸಿದೆ. ಬಲಿಷ್ಠ ಖಾನ ಬರೀ ಅಣ್ಣನಾಗಿ ಬದಿಗೆ ಸರಿದ. ಅವಳ ಗಂಡನನ್ನು ಪೆನ್ಸಿಲಿನಲ್ಲಿ ಬರೆದೆ. ಕೆಳಗೆ ಅವಳ ಮಕ್ಕಳು, ಅಂದರೆ ಮುಂದೆ ಬುಖಾರಾ ಆಳಿದ ಜಾನಿ ಮನೆತನ. 'ಬುಖಾರಾದಲ್ಲೂ ನಮ್ಮಂತೆಯೇ ತಾಯಿಯ ಕಡೆಯಿಂದ ವಂಶ' ಎಂದು ಇಂಗ್ಲಿಷಿನಲ್ಲಿ ದಪ್ಪಕ್ಷರದ ತಲೆಬರಹ ಕೊಟ್ಟೆ. ಮಗಳು ನೋಡಿ "ಓಕೆ ಅಮ್ಮಾ" ಎಂದಳು. ಗಂಡನಿಗೆ ಇನ್ನೂ ಅಬುಧಾಬಿಯಲ್ಲೇ ಕೆಲಸ, ದಿನಾ ಓಡಾಟ. ಅಂದು ಅವರು ಅಲ್ಲಿಯ ಅಲ್ ಮೀನಾದ ಮಾರ್ಕೆಟ್ಟಿನಿಂದ ಅಂಜಲ್ ಮೀನು ಹಿಡಿದುಕೊಂಡು ಬಂದವರು, ಚೀಲ ಕೆಳಗಿಡದೆ ಚಾರ್ಟನ್ನೇ ನೋಡಿದರು.

"ಪಾಪ, ಈ ಪೆನ್ಸಿಲಿನವ ಯಾರು?" ಎಂದರು.

ಬುಧವಾರ ಸಂಜೆ ಎದುರಿನ ಫ್ಲ್ಯಾಟಿನವಳು ಬಂದಳು. ಹೋಟೆಲೊಂದರ ರಿಸೆಪ್ಷನ್ನಿನಲ್ಲಿ ಕೆಲಸ ಮಾಡುವ ಅವಳ ಊರು ಬುಖಾರಾ, ಅಪ್ಪ ಅಲ್ಲಿ ಚರಿತ್ರೆಯ ಮೇಷ್ಟ್ರು. ಹಿಂದಿ ಸಿನಿಮಾ ನೋಡಿ ನೋಡಿ ಕಲಿತ ಹಿಂದಿಯಲ್ಲಿ ನನ್ನ ಹತ್ತಿರ ಮಾತಾಡುತ್ತಿದ್ದಳು. ತಟ್ಟೆ ಖಾಲಿ ಹಿಂತಿರುಗಿಸಬಾರದು ಎಂಬ ಪದ್ಧತಿ ಅವರಲ್ಲೂ ಇದೆ, ನಮ್ಮಲ್ಲೂ ಇದೆ. ಹಾಗಾಗಿ ಅವಳ ದುಂಡು ರೊಟ್ಟಿ ಈಚೆಗೆ, ನನ್ನ ನೀರುದೋಸೆ ಆಚೆಗೆ ಹೋಗುತ್ತಾ ಒಂದು ತಟ್ಟೆ ತಿಂಗಳುಗಟ್ಟಲೆ ತಿರುಗುತ್ತಲೇ ಇತ್ತು. ಅವಳಿಗೆ ಹೆಮ್ಮೆಯಿಂದ ಚಾರ್ಟ್ ತೋರಿಸಿದೆ.

ಅವಳು ಮೊದಲು ಮುಗುಳ್ನಕ್ಕಳು. ಆಮೇಲೆ ಸೋಫಾದ ಮೇಲೆ ಕೂತು ಕಣ್ಣೀರು ಬರುವಷ್ಟು ನಕ್ಕಳು.

"ದೀದಿ, ನಮ್ಮ ಖಾನರನ್ನೆಲ್ಲ ಅಮ್ಮನ ಮನೆಗೆ ಕಳಿಸಿಬಿಟ್ಟಿರಲ್ಲ," ಎಂದಳು. "ನಮ್ಮಲ್ಲಿ ನೋಡುವುದು ಅಪ್ಪನ ರಕ್ತ. ಮಂಗೋಲರ ಮಹಾಖಾನನ ಗಂಡು ಸಂತತಿ ಆಗಿದ್ದರೆ ಮಾತ್ರ ಬುಖಾರಾದ ಖಾನ್. ನೀವು ಪೆನ್ಸಿಲಿನಲ್ಲಿ ಬರೆದಿದ್ದೀರಲ್ಲ, ಆ ಗಂಡನೂ ಅದೇ ವಂಶದವನು. ವೋಲ್ಗಾ ನದಿಯ ಕಡೆಯ ಅವರ ರಾಜ್ಯ ರಷ್ಯನ್ನರ ಪಾಲಾದ ಮೇಲೆ ಬುಖಾರಾಕ್ಕೆ ಬಂದ ಮನೆತನ. ಮಕ್ಕಳಿಗೆ ಗದ್ದುಗೆಯ ಹಕ್ಕು ಬಂದದ್ದು ಅವನಿಂದ. ಅಮ್ಮನಿಂದ ಬಂದದ್ದು ನಂಟು, ಮರ್ಯಾದೆ. ಅವರಾದ ಮೇಲೆ ಗದ್ದುಗೆಗೆ ಬಂದ ಮಂಗಿತ ಮನೆತನದವರಿಗೆ ಆ ರಕ್ತ ಇರಲಿಲ್ಲ. ಖಾನರ ಮನೆಯ ಹೆಣ್ಣುಗಳನ್ನು ಮದುವೆಯಾದರೂ ಖಾನ್ ಅನ್ನಿಸಿಕೊಳ್ಳಲಿಲ್ಲ, ಬರೀ ಅಮೀರ್ ಆಗಿಯೇ ಉಳಿದರು."

ನನ್ನ ಮುಖ ಹುಳ್ಳಗಾಯಿತು. ಹೊಸ ಚಾರ್ಟ್ ತರಲು ಚಪ್ಪಲಿ ಮೆಟ್ಟಿದೆ. ಮಗಳು ಅಡ್ಡ ಬಂದಳು.

"ಲೀವ್ ಇಟ್, ಅಮ್ಮಾ. ಇದೇ ಇರಲಿ."

"ತಪ್ಪಿದೆಯಲ್ಲ ಮಗಾ."

"ಐ ನೋ," ಎಂದು ಚಾರ್ಟನ್ನು ಸುರುಳಿ ಸುತ್ತಿ ತನ್ನ ಕೋಣೆಗೆ ಒಯ್ದಳು. ನಾನು ಸುಮ್ಮನಿರಲಾರದೆ ತಿದ್ದಿದ ಭಾಷಣವನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಅವಳು ಮಡಚಿ ಜೇಬಿಗೆ ಹಾಕಿಕೊಂಡಳು.

ಗುರುವಾರ ಬೆಳಿಗ್ಗೆ ಗಂಡ, ನಾನು, ರಜೆ ಹಾಕಿ ಬಂದ ಎದುರು ಮನೆಯವಳು ಮೂವರೂ ನಾಲ್ಕನೇ ಸಾಲಿನಲ್ಲಿ ಕೂತೆವು. ಮಗಳ ಸರದಿ ಬಂತು. ಚಾರ್ಟ್ ತೂಗುಹಾಕಿದರು. ಕೆಂಪು ಕಿರೀಟದ ರಾಜಕುಮಾರಿ ಎಲ್ಲರ ತಲೆಯ ಮೇಲೆ ಕೂತು ನನ್ನ ಮಾನ ಕಳೆಯುತ್ತಿದ್ದಳು. ಮಗಳು ಮೈಕಿನ ಮುಂದೆ ನಿಂತಳು, ನಿಂತೇ ಇದ್ದಳು. ಜೇಬಿನ ಹಾಳೆ ತೆಗೆಯಲಿಲ್ಲ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಭಾಷಣದ ಮೊದಲ ಸಾಲನ್ನು ಇಲ್ಲಿಂದಲೇ ತುಟಿಯಾಡಿಸಿ ಹೇಳಿಕೊಡಲು ಹೊರಟೆ. ಎದುರು ಮನೆಯವಳು ತನ್ನ ಅಂಗೈಯನ್ನು ನನ್ನ ಬಾಯಿಗೆ ಅಡ್ಡ ಇಟ್ಟಳು.

"ಖಲಾಸ್, ದೀದಿ, ಸಾಕು," ಎಂದಳು ಮೆಲ್ಲಗೆ.

ಮಗಳು ನನ್ನ ಕಡೆ ನೋಡಿದಳು. ಅಂಗೈಯಿಂದ ಮುಚ್ಚಿಹೋದ ನನ್ನ ಬಾಯಿ ಕಂಡಿರಬೇಕು. ಮೈಕಿಗೆ ಬಾಗಿ ಇಂಗ್ಲಿಷಿನಲ್ಲಿ ಹೇಳಿದಳು:

"ಈ ಚಾರ್ಟ್ ತಪ್ಪು. ಇದನ್ನು ಬರೆದದ್ದು ನನ್ನ ಅಮ್ಮ."

ಇಡೀ ಸಭಾಂಗಣ ನಕ್ಕಿತು. ಅವಳು ನಿಲ್ಲಲಿಲ್ಲ. ಅಮ್ಮ ಎಲ್ಲಿ ಎಡವಿದರು, ಪೆನ್ಸಿಲಿನ ಗಂಡ ಯಾರು, ಮಂಗಿತರು ಯಾಕೆ ಅಮೀರರಾಗಿಯೇ ಉಳಿದರು, ಎಲ್ಲವನ್ನೂ ಬೆರಳಿಟ್ಟು ತೋರಿಸಿದಳು. ಆಮೇಲೆ, ಅಮ್ಮ ಯಾಕೆ ಹೀಗೆ ಬರೆದರು ಎಂದರೆ ನಮ್ಮ ಅಜ್ಜಿಮನೆಯಲ್ಲಿ ಹೀಗೇ ಬರೆಯುವುದು, ಎಂದು ಅಳಿಯಕಟ್ಟಿನ ಕತೆಗೆ ಇಳಿದಳು. ನಾಲ್ಕು ನಿಮಿಷ ಎಂದೋ ಮುಗಿದಿತ್ತು. ಅವಳ ಕ್ಲಾಸಿನ ಹುಡುಗನೊಬ್ಬ ಎದ್ದು, ಹಾಗಾದರೆ ನಿಮ್ಮ ಮನೆಯ ಖಾನ್ ಯಾರು ಎಂದು ಕೇಳಿದ.

"ಈಗ ಅಜ್ಜಿ. ಆಮೇಲೆ ಅಮ್ಮ. ಅದಾದ ಮೇಲೆ ನಾನು," ಎಂದಳು. "ತಪ್ಪು ಮಾಡಿದರೂ ಅಮ್ಮನನ್ನು ಇಳಿಸುವ ಹಾಗಿಲ್ಲ."

ಚಪ್ಪಾಳೆಯಲ್ಲಿ ನನ್ನ ಗಂಡನ ಸದ್ದೇ ಜೋರು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಹತ್ತು ಜನರೆದುರು ಮಗಳಿಂದ ತಪ್ಪಿತಸ್ಥಳೆನಿಸಿಕೊಂಡು ಅಷ್ಟು ಸಂತೋಷಪಟ್ಟವಳು ದುಬೈಯಲ್ಲಿ ನಾನೊಬ್ಬಳೇ ಇದ್ದೇನು.

ಹೊರಗೆ ಟೀಚರು ಓಡಿ ಬಂದರು. ಅವರಿಗೆ ಆ ಅಳಿಯಕಟ್ಟಿನ ಬಗ್ಗೆ ಇನ್ನಷ್ಟು ತಿಳಿಯಬೇಕಿತ್ತು. ಅಜ್ಜಿಯ ಮನೆ ಎಲ್ಲಿ, ಈಗಲೂ ಹಾಗೇ ನಡೆಯುತ್ತದೆಯೇ ಎಂದು ನನ್ನನ್ನು ಕೇಳಿದರು. ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಉತ್ತರ ನನ್ನ ನಾಲಿಗೆಯ ತುದಿಗೆ ಬಂದಿತ್ತು.

"ಅವಳನ್ನೇ ಕೇಳಿ," ಎಂದೆ.