ಮೂವತ್ತು ಎಲೆಯಲ್ಲಿ ಒಬ್ಬಳು ನಾದಿನಿ

"ಬರ್ಕೊಳಪ್ಪಾ. ಮೂರು ಸುಟ್ಟ್ ಕೋಳಿ, ಎರ್ಡು ಹಲ್ಲಿ, ನಾಕು ಗುಂಡುಕಲ್ಲು, ಒಬ್ರು ಅಮಲ್ದಾರ್ರು, ಒಬ್ಳು ನಾದಿನಿ..."

ನನ್ನ ಅಂಗಡಿಯ ಫೋನಿಗೆ ಬಂದ ವಾಯ್ಸ್ ಮೆಸೇಜು ಅದು. ಒಬ್ಬ ಹೆಂಗಸಿನ ದನಿ ಉಸಿರು ಬಿಡದೆ ಪಟ್ಟಿ ಒಪ್ಪಿಸುತ್ತಿತ್ತು. ಕೋಳಿ ಎಂದಾಗ ಯಾವುದೋ ಸಹಾಯಧನದ ಅರ್ಜಿ ಇರಬೇಕು ಅಂದುಕೊಂಡೆ. ನಾದಿನಿ ಎಂದಾಗ ವಂಶವೃಕ್ಷ ಅಂದುಕೊಂಡೆ. ಹಲ್ಲಿ, ಗುಂಡುಕಲ್ಲು ಯಾವ ಇಲಾಖೆಗೆ ಸೇರುತ್ತವೆ ಎಂಬುದು ಮಾತ್ರ ಹೊಳೆಯಲಿಲ್ಲ. ಕೊನೆಗೆ ಆ ದನಿ, "ಎಲ್ಲಾ ಸೇರಿ ಮೂವತ್ತು. ದಿನಾ ಸೋಲ್ತಾ ಇದೀನಿ. ಸರಿ ಮಾಡ್ಕೊಡು" ಎಂದಿತು. ಆಗ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ನನ್ನ ಎಲೆಯಾಟದ ಚಾನೆಲ್ಲಿಗೆ ನೋಡುಗರೊಬ್ಬರು ಕಳಿಸಿದ ಮೊಟ್ಟಮೊದಲ ಎಲೆಕಟ್ಟು ಅದು!

ಅಜ್ಜಂಪುರ ತಾಲ್ಲೂಕು ಕೇಂದ್ರವಾದ ಮೇಲೆ ನಾನು ಕಚೇರಿಯ ರಸ್ತೆಯಲ್ಲಿ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ ಇಟ್ಟೆ. ಪಹಣಿ, ಖಾತೆ, ಜಾತಿ, ಆದಾಯ, ಏನು ಬೇಕಾದರೂ ಆಗುತ್ತದೆ, ಸರ್ವರ್ ಇದ್ದರೆ. ಸರ್ವರ್ ಇಲ್ಲದ ಹೊತ್ತು ಬಹಳ. ಆ ಹೊತ್ತಿನಲ್ಲಿ ನಾನು ಫೋನಿನಲ್ಲಿ ಒಂದು ಎಲೆಯಾಟ ಆಡುತ್ತಿದ್ದೆ. ಆಮೇಲೆ ಅದನ್ನು ಹೇಗೆ ಆಡಬೇಕೆಂದು ಕನ್ನಡದಲ್ಲಿ ವಿಡಿಯೊ ಮಾಡತೊಡಗಿದೆ. ನೋಡುವವರೆಲ್ಲ ಸೇರಿದರೆ ಒಂದು ಮಿನಿಬಸ್ಸು ತುಂಬುತ್ತಿತ್ತು, ನಿಂತವರನ್ನು ಬಿಟ್ಟು.

ಆಟ ಇಷ್ಟೇ. ಮೂವತ್ತು ಎಲೆ ಆರಿಸಿಕೊಂಡು ಒಂದು ಕಟ್ಟು ಮಾಡಿಕೊಳ್ಳಬೇಕು. ಒಂದೊಂದು ಎಲೆಯಲ್ಲೂ ಒಂದು ಪ್ರಾಣಿಯೋ ರಾಕ್ಷಸನೋ ಮಾಟಗಾತಿಯೋ ಇರುತ್ತದೆ. ಎಡಮೂಲೆಯ ಅಂಕಿ ಅದರ ಹೊಡೆತ, ಬಲಮೂಲೆಯದು ಅದರ ಜೀವ. ಎಲ್ಲೋ ಕೂತಿರುವ, ಮುಖ ಕಾಣದ ಎದುರಾಳಿಯ ಕಟ್ಟಿನ ಮೇಲೆ ನಮ್ಮ ಕಟ್ಟನ್ನು ಛೂ ಬಿಟ್ಟು, ಅವನ ಜೀವದ ಅಂಕಿಯನ್ನು ಸೊನ್ನೆಗೆ ಇಳಿಸಬೇಕು. ಒಂದು ವಿಡಿಯೊದ ಕೊನೆಗೆ, "ನಿಮ್ಮ ಕಟ್ಟು ಕಳ್ಸಿ, ರಿಪೇರಿ ಮಾಡ್ಕೊಡ್ತೀನಿ" ಎಂದು ಅಂಗಡಿ ಎಲ್ಲಿದೆಯೆಂದು ತಿಳಿಸಿ, ಅದರ ನಂಬರನ್ನೇ ಹೇಳಿದ್ದೆ. ಆ ನಂಬರಿಗೆ ಅದುವರೆಗೆ ಬಂದದ್ದೆಲ್ಲ "ಪಹಣಿ ಬಂತಾ?" ಒಂದೇ.

ಕರೆ ಮಾಡಿದೆ. ಅವರದು ಬುಕ್ಕಾಂಬುಧಿ. ವಯಸ್ಸು ಅರವತ್ತರ ಆಸುಪಾಸು. ಮಂಡಿನೋವಿಗೆ ಡಾಕ್ಟರು ಓಡಾಡಬೇಡಿ ಎಂದಿದ್ದರಿಂದ, ಮಗಳು ಹೊತ್ತು ಹೋಗಲೆಂದು ಆಟ ಹಾಕಿಕೊಟ್ಟು ತಾನು ಗಂಡನ ಮನೆಗೆ ಹೋಗಿದ್ದಳು. ಎಲೆಗಳ ಮೇಲಿನದೆಲ್ಲ ಇಂಗ್ಲಿಷು. ಇವರು ಚಿತ್ರ ನೋಡಿ ತಾವೇ ಹೆಸರಿಟ್ಟುಕೊಂಡಿದ್ದರು.

"ಅಮ್ಮಾ, ಸುಟ್ಟ ಕೋಳಿ ಅಂದ್ರೆ ಯಾವ್ದು?"

"ಅದೇ ಕಣಪ್ಪಾ, ಬೆಂಕಿ ಹತ್ಕಂಡಿರ್ತದಲ್ಲ, ಸತ್ರೂ ಎದ್ದು ಬತ್ತದಲ್ಲ."

ಅದು ಅಗ್ನಿಪಕ್ಷಿ. ಹಲ್ಲಿ ಎಂದರೆ ಡ್ರ್ಯಾಗನ್ನು. ಅದನ್ನು ಪಡೆಯಲು ನಾನು ನಾಲ್ಕು ತಿಂಗಳು ಒದ್ದಾಡಿದ್ದೆ. ಅಮಲ್ದಾರ್ರು, ಹಳಬರ ಬಾಯಲ್ಲಿ ತಹಸೀಲ್ದಾರರು, ಎಂದರೆ ಕಿರೀಟ ಇಟ್ಟ ಒಬ್ಬ ದಪ್ಪ ರಾಜ. ಬಂದವನೇ ಎರಡು ಸರದಿ ನಿದ್ದೆ ಹೊಡೆಯುತ್ತಾನೆ. ಮೂರನೆಯದರಲ್ಲಿ ಎದ್ದು ಮುದ್ರೆ ಒತ್ತಿದರೆ ಎದುರಿನವನ ಒಂದು ಎಲೆ ರದ್ದು.

"ನಾದಿನಿ?"

"ಕೈಯಾಗೆ ಪೊರಕೆ ಹಿಡ್ಕಂಡು, ಬೆರ್ಳು ತೋರಿಸ್ಕಂಡು ನಿಂತವ್ಳಲ್ಲ. ಥೇಟ್ ನಮ್ಮ ತರೀಕೆರೆ ನಾದಿನಿ ಕಣಪ್ಪಾ."

ಮಾಟಗಾತಿ ಅದು.

ಆ ಹೆಸರುಗಳನ್ನೇ ಇಟ್ಟುಕೊಂಡು ವಿಡಿಯೊ ಮಾಡಿದೆ. ಕಟ್ಟು ಬಹಳ ಭಾರವಾಗಿತ್ತು. ಮೊದಲ ನಾಲ್ಕು ಸರದಿ ಅಮ್ಮ ಸುಮ್ಮನೆ ಕೂತು ಏಟು ತಿನ್ನುವುದೇ ಆಗುತ್ತಿತ್ತು. ಮೂರು ಗುಂಡುಕಲ್ಲು, ಅಂದರೆ ಮೆಲ್ಲಗೆ ಉರುಳುವ ಕಲ್ಲುರಾಕ್ಷಸರನ್ನು, ತೆಗೆದು ಮೂರು ಹೆಗ್ಗಣ ಹಾಕಿದೆ. ಹೆಗ್ಗಣ ಸಣ್ಣದಾದರೂ ಚುರುಕು. ನಾದಿನಿಯ ಸರದಿ ಬಂದಾಗ ನನಗೆ ಮಾತಿನ ಅಮಲೇರಿತ್ತು. "ನೋಡಿ ಸ್ನೇಹಿತರೇ, ಈ ನಾದಿನಿಯಿಂದ ಯಾರಿಗೂ ಪ್ರಯೋಜನ ಇಲ್ಲ. ಬರೋದೇ ಲೇಟು. ಬಂದ್ರೆ ಜಾಗ ಬಿಡಲ್ಲ. ಹೊಡೆತ ನೋಡಿದ್ರೆ ಬರೀ ಎರಡು. ಇಂಥೋಳ್ನ ಮನೇಲಿ ಇಟ್ಕೊಂಡು ಯಾಕೆ ಸಾಕ್ತೀರಿ? ಮೊದ್ಲು ಆಚೆ ಹಾಕಿ!"

ಅಮ್ಮ ವಿಡಿಯೊ ನೋಡಿ ಕರೆ ಮಾಡಿದರು. ಖುಷಿಯಲ್ಲಿದ್ದರು. "ಎಲ್ಲಾ ಸರಿಯಾಗೈತೆ. ನಾದಿನಿ ಒಬ್ಳನ್ನ ತೆಗೀಬ್ಯಾಡ."

"ಯಾಕಮ್ಮಾ? ಅವಳಿಂದ ಒಂದು ಆಟಾನೂ ಗೆಲ್ಲಕ್ಕಾಗಲ್ಲ."

"ಗೆಲ್ಲಕ್ಕೆ ಇಟ್ಕಂಡಿಲ್ಲ ಕಣಪ್ಪಾ. ಅವ್ಳು ಕೈಗೆ ಬಂದೇಟ್ಗೆ ಮುಂದಕ್ಕೆ ಬಿಡ್ತೀನಿ. ಎದುರ್ಗಿರೋನು ಟಪ್ ಅಂತ ಒಂದು ಬಿಡ್ತಾನೆ. ಹೊಗೆ ಆಗಿ ಹೋಯ್ತಾಳೆ. ಆಮ್ಯಾಲೆ ಸೋತ್ರೂ ನಂಗೆ ಬ್ಯಾಸ್ರ ಇಲ್ಲ."

ನಾದಿನಿಯನ್ನು ಕಟ್ಟಿನಲ್ಲೇ ಉಳಿಸಿದೆ. ಅಷ್ಟರಲ್ಲಿ ಅಮ್ಮ ಇನ್ನೊಂದು ಕೆಲಸ ಮಾಡಿದ್ದರು. ತಮ್ಮ ಕಟ್ಟು ವಿಡಿಯೊದಲ್ಲಿ ಬಂತು ಎಂಬ ಹೆಮ್ಮೆಗೆ ಅದನ್ನು ಮನೆಯವರ ಗ್ರೂಪಿಗೆ ಹಾಕಿದ್ದರು. ಗ್ರೂಪಿನಲ್ಲಿ ಯಾರು ಯಾರಿದ್ದಾರೆ ಎಂಬುದು ಆ ಹೊತ್ತಿಗೆ ಅವರಿಗೆ ಮರೆತಿತ್ತು.

ಎರಡು ದಿನದ ಮೇಲೆ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ತರೀಕೆರೆ ಬಸ್ಸಿನಿಂದ ಇಳಿದ ಒಬ್ಬ ಹೆಂಗಸು ನೇರ ನನ್ನ ಅಂಗಡಿಗೆ ಬಂದರು. ಗಂಜಿ ಹಾಕಿದ ಸೀರೆ, ಕಂಕುಳಲ್ಲಿ ವ್ಯಾನಿಟಿ ಬ್ಯಾಗು, ಕೈಯಲ್ಲಿ ಮಡಿಸಿದ ಛತ್ರಿ. ಸರ್ವರ್ ಇರಲಿಲ್ಲ. ಬೆಂಚಿನ ಮೇಲೆ ಐದಾರು ಜನ ಕಾಯುತ್ತಿದ್ದರು.

"ಏನಾಗಬೇಕಿತ್ತಕ್ಕಾ? ಪಹಣೀನಾ, ಖಾತೇನಾ?"

"ನಾನು ನಾದಿನಿ" ಎಂದರು.

ಅವರು ಛತ್ರಿಯನ್ನು ಕೌಂಟರಿನ ಮೇಲಿಟ್ಟು, "ತೋರ್ಸು" ಎಂದರು. ಏನನ್ನು ಎಂದು ಕೇಳುವ ಧೈರ್ಯ ಬರಲಿಲ್ಲ. ಆಟ ತೆರೆದು, ಎಲೆ ದೊಡ್ಡದು ಮಾಡಿ ಹಿಡಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಕ್ಷಮೆ ಕೇಳಲು ನಾನು ಒಳಗೇ ಎರಡು ವಾಕ್ಯ ಜೋಡಿಸಿಕೊಳ್ಳುತ್ತಿದ್ದೆ.

"ಚಿತ್ರ ಪರವಾಗಿಲ್ಲ. ಮೂಗು ನಮ್ಮಪ್ಪಂದೇ" ಎಂದರು. "ಇದೇನಿದು ಮೂಲೇಲಿ ಎರಡು?"

"ಅದು ಹೊಡೆತ ಅಕ್ಕಾ."

"ಯಾರ್ದು?"

"ನಿಮ್ದು... ಅಲ್ಲ, ಎಲೇದು."

"ನೀನು ಹೊಸದಾಗಿ ಹಾಕಿದ್ಯಲ್ಲ ಹೆಗ್ಗಣ, ಅದರದ್ದೆಷ್ಟು?"

ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲ. "ಮೂರು" ಎಂದೆ.

"ಅಂದ್ರೆ ನಾನು ಹೆಗ್ಗಣಕ್ಕಿಂತ ಕಮ್ಮಿ."

ಬೆಂಚಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಶಿವನಿ ಕಡೆಯ ರೈತರೊಬ್ಬರು, "ಅದು ತಪ್ಪು ಬಿಡಿ" ಎಂದೂ ಹೇಳಿದರು.

ಆಗ ನನಗೆ ಅರ್ಥವಾಯಿತು, ಈ ಅಕ್ಕ ಮಾಟಗಾತಿ ಅನ್ನಿಸಿಕೊಂಡದ್ದಕ್ಕೆ ಜಗಳಕ್ಕೆ ಬಂದವರಲ್ಲ. ಅಂಕಿಯ ತಕರಾರಿಗೆ ಬಂದವರು. "ಒಂದು ಅರ್ಜಿ ಬರಿ. ಪಹಣೀಲಿ ನಮ್ಮನೆಯವರ ಹೆಸರು ತಪ್ಪಾಗಿತ್ತು, ತಿದ್ದುಪಡಿ ಮಾಡಿಸ್ಲಿಲ್ವಾ? ಇದೇನು ಮಹಾ!" ಎಂದರು. ಆಟ ಮಾಡಿದವರು ಬೇರೆ ದೇಶದವರು, ಅಂಕಿ ಅವರೇ ಇಡುವುದು ಎಂದೆ. "ಇರಲಿ. ಅಲ್ಲೂ ಒಬ್ಬ ಕೇಸ್ ವರ್ಕರ್ ಇರ್ತಾನಲ್ಲ" ಎಂದರು.

ಆಟದೊಳಗೆ ಅಭಿಪ್ರಾಯ ಬರೆಯುವ ಒಂದು ಜಾಗ ಇದೆ. ಅಲ್ಲಿ ನಾನು ನನಗೆ ಬಂದ ಇಂಗ್ಲಿಷಿನಲ್ಲಿ, ಮಾನ್ಯರೇ, ಈ ಎಲೆಯ ಹೊಡೆತ ಎರಡು ಎಂದು ತಪ್ಪಾಗಿ ನಮೂದಾಗಿದ್ದು ಅದನ್ನು ಸರಿಪಡಿಸಿಕೊಡಬೇಕಾಗಿ ವಿನಂತಿ ಎಂದು ಬರೆದು ಕಳಿಸಿದೆ. ತಕ್ಷಣ ಧನ್ಯವಾದ ಎಂದು ಯಂತ್ರದ ಉತ್ತರ ಬಂತು. ಅಕ್ಕ ಅದರ ಪ್ರಿಂಟ್ ತೆಗೆಸಿಕೊಂಡು, ಸ್ವೀಕೃತಿ ಎಂದು ಮಡಿಸಿ ಬ್ಯಾಗಿಗೆ ಹಾಕಿಕೊಂಡರು.

"ಅಲ್ಲಿತನಕ ಏನು ಮಾಡ್ತೀಯ?"

ಒಂದು ದಾರಿ ಇತ್ತು. ಒಡವೆ ಎಂಬ ಎಲೆ ಬರುತ್ತದೆ. ಯಾರ ಮೇಲೆ ಹಾಕಿದರೂ ಅವರ ಹೊಡೆತ ಐದು ಹೆಚ್ಚುತ್ತದೆ. ಒಂದು ಕಟ್ಟಿಗೆ ಮೂರು ಇಡಬಹುದು.

"ಮೂರೂ ಹಾಕು" ಎಂದರು ಅಕ್ಕ.

ಕಟ್ಟು ಇವರದಲ್ಲವಲ್ಲ. ಬುಕ್ಕಾಂಬುಧಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ವಿಷಯ ಹೇಳುತ್ತಿದ್ದಂತೆ ಅಮ್ಮ, ಅಂದರೆ ಅಕ್ಕನ ಅತ್ತಿಗೆ, "ಅಯ್ಯೋ, ಅಲ್ಲಿಗೂ ಬಂದವ್ಳಾ!" ಎಂದರು. ಆಮೇಲೆ ಒಡವೆಯ ಮಾತು ತೆಗೆದೆ.

"ಅವ್ಳಿಗಾ? ಮೂರಾ? ಮದ್ವೇಲಿ ಹಾಕಿದ್ದು ಸಾಲ್ದಾ?"

"ಅತ್ಗೆ, ನಾನಿಲ್ಲೇ ಇದೀನಿ, ಕೇಳಿಸ್ತಾ ಐತೆ."

"ಕೇಳುಸ್ಲಿ ಅಂತಾನೇ ಹೇಳಿದ್ದು ಕಣೇ."

ಮೂರು ಒಡವೆ ಹಾಕಬೇಕಾದರೆ ಮೂರು ಎಲೆ ಹೋಗಬೇಕು. ಅಮಲ್ದಾರ್ರನ್ನು ತೆಗೆಯೋಣ ಎಂದೆ. ಇಬ್ಬರೂ ಒಟ್ಟಿಗೆ ಬೇಡ ಎಂದರು. ಹಲ್ಲಿಯ ವಿಷಯಕ್ಕೆ ಅತ್ತಿಗೆ ಧಾರಾಳವಾಗಿ, "ಎರ್ಡೂ ಹೋಗ್ಲಿ ಬಿಡು, ಮನೇಲೇ ಬೇಕಾದಷ್ಟವೆ" ಎಂದುಬಿಟ್ಟರು. ನಾಲ್ಕು ತಿಂಗಳ ನನ್ನ ಒದ್ದಾಟ ನೆನಪಾಗಿ ಹೊಟ್ಟೆ ಉರಿಯಿತು. ಇನ್ನೊಂದಕ್ಕೆ ಒಂದು ಹೆಗ್ಗಣ ತೆಗೆಯಬೇಕೆಂದು ಅಕ್ಕ ಹಟ ಹಿಡಿದರು. ತೆಗೆದೆ.

ಅಲ್ಲೇ ಒಂದು ಆಟ ಶುರು ಮಾಡಿದೆ. ಬೆಂಚಿನವರೆಲ್ಲ ಎದ್ದು ಬಂದು ನನ್ನ ಬೆನ್ನ ಹಿಂದೆ ನಿಂತರು. ಐದನೇ ಸರದಿಗೆ ನಾದಿನಿ ಬಂದಳು. ಒಂದು ಒಡವೆ ಬಿತ್ತು. ಇನ್ನೊಂದು ಬಿತ್ತು. ಎಡಮೂಲೆಯಲ್ಲಿ ಹನ್ನೆರಡು ಎಂದು ಮಿನುಗಿತು. ಅಕ್ಕ ಸೆರಗು ಸರಿ ಮಾಡಿಕೊಂಡರು. ಎದುರಿನವನು ಸ್ವಲ್ಪ ಯೋಚಿಸಿ ಒಂದು ಮಂತ್ರ ಬಿಟ್ಟ. ನಾದಿನಿ ಕಪ್ಪೆಯಾದಳು.

ಬೆಂಚಿನವರು ನನ್ನ ಹೆಗಲ ಮೇಲಿಂದ ಇನ್ನಷ್ಟು ಬಗ್ಗಿದರು.

"ಏನಾಯ್ತು? ಏನಾಯ್ತ್ರಪ್ಪಾ?" ಎಂದು ಫೋನಿನಿಂದ ಅತ್ತಿಗೆ ಕೂಗುತ್ತಿದ್ದರು. ಶಿವನಿಯ ರೈತರೇ, "ಕಪ್ಪೆ ಆಗೋದ್ರು ಕಣಮ್ಮಾ" ಎಂದರು. ಆಮೇಲೆ ಬಂದ ನಗುವಿಗೆ ನನ್ನ ಫೋನಿನ ಸ್ಪೀಕರ್ ಗರಗರ ಎಂದಿತು. ಅಕ್ಕ ಮಾತ್ರ ನಗದೆ, "ಕಪ್ಪೆ ಹೊಡೆತ ಎಷ್ಟು?" ಎಂದು ಕೇಳಿದರು.

"ಒಂದು."

"ಇನ್ನೊಂದಾಟ ಹಾಕು."

ಎರಡನೇ ಆಟದಲ್ಲಿ ಅಮಲ್ದಾರ್ರು ಬೇಗ ಬಂದು, ನಿದ್ದೆ ಮುಗಿಸಿ, ಎದುರಿನವನು ಅಡ್ಡ ಇಟ್ಟಿದ್ದ ಗೋಡೆಯ ಎಲೆಯನ್ನು ಸರಿಯಾದ ಹೊತ್ತಿಗೆ ರದ್ದು ಮಾಡಿದರು. ದಾರಿ ತೆರೆದಿತ್ತು. ಮೂರೂ ಒಡವೆ ಹೇರಿಕೊಂಡ ನಾದಿನಿ ಹದಿನೇಳರ ಒಂದೇ ಏಟು ಕೊಟ್ಟಳು. ಆಟ ಮುಗಿಯಿತು. ಬೆಂಚಿನವರು ಚಪ್ಪಾಳೆ ಹೊಡೆದರು. ನಡುವೆ ಸರ್ವರ್ ಬಂದಿತ್ತಂತೆ, ಯಾರೂ ನೋಡಲಿಲ್ಲ; ನೋಡುವ ಹೊತ್ತಿಗೆ ಮತ್ತೆ ಹೋಗಿತ್ತು.

"ಸತ್ನಾ?" ಎಂದರು ಅತ್ತಿಗೆ.

"ಒಂದೇ ಏಟಿಗೆ ಅತ್ಗೆ."

ಅತ್ತ ಅತ್ತಿಗೆ ಒಲೆಯ ಮೇಲೆ ಪಾತ್ರೆ ಇಟ್ಟ ಸದ್ದಾಯಿತು. ಆಮೇಲೆ, "ಅಷ್ಟು ದೂರ ಬಂದೋಳು ಹಂಗೇ ಹೋಗ್ಬ್ಯಾಡ ಕಣೇ. ಮುದ್ದೆ ಉಂಡ್ಕಂಡು ಹೋಗು ಬಾ" ಎಂದರು. ಅಕ್ಕ ಛತ್ರಿ ಎತ್ತಿಕೊಂಡು ಬುಕ್ಕಾಂಬುಧಿ ಬಸ್ಸಿಗೆ ಹೊರಟರು. ಹೋಗುವ ಮೊದಲು ತಮ್ಮ ಫೋನಿಗೂ ಆಟ ಹಾಕಿಸಿಕೊಂಡರು.

ಆ ಆಟದ ವಿಡಿಯೊ ಹಾಕಿದೆ. ಆಮೇಲೆ ಚಾನೆಲ್ಲಿಗೆ ಬರುವ ಕಟ್ಟುಗಳಲ್ಲೆಲ್ಲ ನೆಂಟರೇ ತುಂಬಿಕೊಂಡರು. ಕಡೂರಿನ ಒಬ್ಬರು ಹನ್ನೊಂದು ಷಡ್ಡಕಂದಿರ ಕಟ್ಟು ಕಳಿಸಿದರು. ಅದನ್ನು ರಿಪೇರಿ ಮಾಡಲು ನನ್ನಿಂದ ಆಗಲಿಲ್ಲ.

ಕೆಲವು ವಾರದ ಮೇಲೆ ಆಟದ ಹೊಸ ಅಪ್‌ಡೇಟ್ ಬಂತು. ತೆರೆದು ನೋಡಿದರೆ ಮಾಟಗಾತಿಯ ಹೊಡೆತ ಎರಡಿದ್ದದ್ದು ಒಂದಾಗಿತ್ತು. ನನ್ನ ಅರ್ಜಿಯನ್ನು ಅವರು ಹೇಗೆ ಓದಿಕೊಂಡರೋ! ಅಕ್ಕನಿಗೆ ಹೇಗೆ ಹೇಳುವುದೆಂದು ಕೂತಿರುವಾಗಲೇ ಬುಕ್ಕಾಂಬುಧಿಯಿಂದ ವಾಯ್ಸ್ ಮೆಸೇಜು ಬಂತು. ಅತ್ತಿಗೆಯದೇ ದನಿ.

"ನೋಡ್ದೇನಪ್ಪಾ ಅವ್ರ ಸೊಕ್ಕನ್ನ? ನಮ್ಮನೆ ಹೆಣ್ಮಗಳನ್ನ ಒಂದು ಮಾಡವ್ರೆ! ನಾನು ಬೇಕಾದ್ರೆ ಅನ್ತೀನಿ, ಅವ್ರ್ಯಾರು ಅನ್ನಕ್ಕೆ? ಇನ್ನೆರಡು ನಾದಿನಿ ಹಾಕ್ಬುಡು ಕಟ್ಟಿಗೆ."

ಹಾಕಬೇಡಿ, ಸೋಲುತ್ತೀರಿ ಎಂದು ಹೇಳಿ ನೋಡಿದೆ. ಕೇಳಲಿಲ್ಲ. ಈಗ ಆ ಕಟ್ಟಿನಲ್ಲಿ ಮೂವರು ನಾದಿನಿಯರಿದ್ದಾರೆ. ತರೀಕೆರೆಯ ಅಕ್ಕನೂ ಅದೇ ಕಟ್ಟನ್ನು ಆಡುತ್ತಾರೆ. ಇಬ್ಬರೂ ದಿನಾ ಸೋಲುತ್ತಾರೆ, ಸೋತ ಮೇಲೆ ಒಬ್ಬರಿಗೊಬ್ಬರು ಫೋನು ಮಾಡಿಕೊಂಡು ಎದುರಿನವನನ್ನು ಅರ್ಧ ಗಂಟೆ ಬೈಯುತ್ತಾರಂತೆ.